ವೈಮಾನಿಕ ಶಾಸ್ತ್ರದ ಕಾಲವೂ ಪ್ರಾಮಾಣ್ಯವೂ

ಭರದ್ವಾಜ ಮಹರ್ಷಿಪ್ರಣೀತವೆಂದು ಪ್ರಸಿದ್ಧವಾದ ವೈಮಾನಿಕ ಶಾಸ್ತ್ರವು ಕನ್ನಡನಾಡಿನಲ್ಲಿಯೇ ಬೆಳಕಿಗೆ ಬಂದುದಾದ ಕಾರಣ, ಅದರ ಕಾಲನಿರ್ಣಯವು ಇಲ್ಲಿಯ ಸಂಸ್ಕೃತಜ್ಞರಿಗೆ ಸೇರಿದ ಕರ್ತವ್ಯವಾಗಿದೆ.

ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇದನ್ನು 1918ರಿಂದ 1923ರ ವರೆಗೆ ಬಾಯಿಂದ ಹೇಳಿ ವೆಂಕಟಾಚಲ ಶರ್ಮರಿಂದ ಬರೆಯಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರಗಳೆಂಬ ವಿಮಾನಗಳ ಚಿತ್ರಗಳನ್ನು ಬೆಂಗಳೂರಿನ ಎಲ್ಲಪ್ಪನವರು ಬರೆದರು. ಮೈಸೂರಿನ ಜಿ. ಆರ್. ಜೋಶ್ಯರ್ ಅವರು 1973ರಲ್ಲಿ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು ಭಾಷೆಯನ್ನೂ ಯಂತ್ರವನ್ನೂ ಪರೀಕ್ಷಿಸಿದರು. ಭಾಷೆಯು ವೈದಿಕವಲ್ಲ, ಸರಳವಾದ ಆಧುನಿಕ ಸಂಸ್ಕೃತ. ಗ್ರಂಥವು 1904ಕ್ಕಿಂತ ಹಿಂದಿನದಲ್ಲ. ವರ್ಣಿತವಾದ ವಿಮಾನಗಳಲ್ಲಿ ಒಂದೂ ಹಾರಲಾರದು ಎಂಬುದು ಅವರ ನಿರ್ಣಯ.

ವಾಯುವಿಗಿಂತ ಭಾರವಾದ ಯಂತ್ರವು ಯಾವುದಾದರೊಂದು ದ್ರವ್ಯವನ್ನು ಕೆಳಕ್ಕೆ ತಳ್ಳದೆ ಮೇಲೇರದು. ಒಳಗಣ ಚಕ್ರಗಳು ಎಷ್ಟು ವೇಗದಿಂದ ತಿರುಗಿದರೂ ಅಷ್ಟೆ. ಅದೇ 1974ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಾಧ್ಯಾಪಕ ಎರಿಕ್ ಲೇಥ್‌ವೇಟರು, ಭ್ರಮಿಸುವ ಜೈರೋಸ್ಕೋಪು ತೂಕದಲ್ಲಿ ಕಡಿಮೆಯಾಗುವುದೆಂದು ವಾದಿಸಿದರು. ಅಲ್ಲಿಯೂ ನ್ಯೂಟನ್ನನ ನಿಯಮವೇ ನಿಂತಿತು. ಪ್ರಾಧ್ಯಾಪಕರ ಪದವಿಯು ಚಕ್ರವನ್ನು ಹಗುರಮಾಡಲಿಲ್ಲ. ಋಷಿಯ ನಾಮವೂ ವಿಮಾನವನ್ನು ಹಾರಿಸದು.

ಆಪ್ತವಾಕ್ಯವು ಪ್ರಮಾಣವೆಂಬುದು ನೈಯಾಯಿಕರ ಮತ. ಆದರೆ ವಾಕ್ಯವು ಆಪ್ತನದೇ ಎಂಬುದು ಮೊದಲು ಸಿದ್ಧವಾಗಬೇಕಷ್ಟೆ. ಅದು ಸಿದ್ಧವಾಗದೆ ಇದನ್ನು ಆರ್ಷಗ್ರಂಥವೆಂದು ಸಾರುವುದರಿಂದ, ನಿಜವಾದ ಪ್ರಾಚೀನ ಶಾಸ್ತ್ರಗಳ ಮೇಲೆಯೂ ಜನರಿಗೆ ಸಂಶಯ ಹುಟ್ಟುವುದು. ವಿಮಾನಗಳು ಹೊಸದಾಗಿ ಹಾರತೊಡಗಿದ ಕಾಲದ ಒಂದು ಕೃತಿಯೆಂದು ಓದಿದರೆ, ಇದಕ್ಕೂ ಚರಿತ್ರೆಯಲ್ಲಿ ತಕ್ಕ ಸ್ಥಾನವುಂಟು.