ರಾಯಗಿರಿಯಿಂದ ಹುಸೇನ್ ಸಾಗರಕ್ಕೆ

ಶ್ರವಣಬೆಳಗೊಳದ ಗೊಮ್ಮಟ ನಿಂತಲ್ಲೇ ರೂಪುಗೊಂಡವನು. ಅವನನ್ನು ಯಾರೂ ಹೊರಬೇಕಾಗಲಿಲ್ಲ. ಹೆಚ್ಚುಕಡಿಮೆ ಅಷ್ಟೇ ಎತ್ತರದ, 58 ಅಡಿಯ ಹೈದರಾಬಾದಿನ ಬುದ್ಧನಿಗೆ ಆ ಭಾಗ್ಯವಿರಲಿಲ್ಲ. ಎನ್.ಟಿ. ರಾಮರಾಯರ ಸಂಕಲ್ಪದಂತೆ 1985ರಲ್ಲಿ ಗಣಪತಿ ಸ್ಥಪತಿಗಳ ಬಳಗ ರಾಯಗಿರಿಯ ಬಳಿ ಕಡೆಯತೊಡಗಿದ ಈ ಏಕಶಿಲಾಮೂರ್ತಿ, 1988ರಲ್ಲಿ 192 ಚಕ್ರಗಳ ಟ್ರೈಲರ್ ಏರಿ ಸುಮಾರು 60 ಕಿಲೋಮೀಟರ್ ಸಾಗಿ ನಗರ ತಲುಪಿತು. ತೂಕ 300 ಟನ್ನಿಗೂ ಮಿಗಿಲು. ಭಾಗಿಸಿ ನೋಡಿದರೆ ಒಂದೊಂದು ಚಕ್ರದ ಮೇಲೂ ಎರಡು ಮಾರುತಿ 800 ಕಾರುಗಳಿಗಿಂತ ಹೆಚ್ಚಿನ ಭಾರ. ಟ್ರೈಲರಿನ ಸ್ವಂತ ತೂಕ ಬೇರೆ. ನಮ್ಮಲ್ಲೂ, ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿ ಧರ್ಮಸ್ಥಳ ಸೇರಿದ್ದು ರಸ್ತೆಯಿಂದಲೇ.

ನೆಲ ಹೊತ್ತದ್ದನ್ನು ನೀರು ಹೊರಲಿಲ್ಲ. 1990ರ ಮಾರ್ಚ್ 10ರಂದು, ದಡ ಬಿಟ್ಟು ನೂರು ಗಜದಷ್ಟು ಹೋಗುವುದರೊಳಗೆ ಬಾರ್ಜು ವಾಲಿತು. ವಿಗ್ರಹ ಮುಳುಗಿತು, ಜೊತೆಯಲ್ಲಿದ್ದವರಲ್ಲಿ ಹಲವರು ಅಸುನೀಗಿದರು. ನಾವು ಊರಿನಿಂದ ಬಂದ ನೆಂಟರಿಗೆ ಈ ಕಥೆ ಹೇಳುವಾಗ ಚಕ್ರಗಳ ಲೆಕ್ಕ ತಪ್ಪದೆ ಬರುತ್ತದೆ, ಸತ್ತ ಕೆಲಸಗಾರರು ಬರುವುದೇ ಇಲ್ಲ. ಇದು ನನಗೆ ಸರಿಕಾಣದು. ಎರಡು ವರ್ಷಕ್ಕೂ ಹೆಚ್ಚು ಕಾಲ ಕೆರೆಯ ತಳದಲ್ಲಿ ಮಲಗಿದ್ದ ಬುದ್ಧನನ್ನು ಮೇಲೆತ್ತಿ, 1992ರ ಡಿಸೆಂಬರ್ 1ರಂದು ನೀರ ನಡುವಿನ ಪೀಠದ ಮೇಲೆ ನಿಲ್ಲಿಸಲಾಯಿತು.