ಬೆಟ್ಟ ಹತ್ತಿ ಸೆರೆಮನೆ ಸೇರಿದವರು

ಭಾನುವಾರ ಬೆಳಗ್ಗೆ ಗೆಳೆಯರು ನಾಲ್ಕು ಮಂದಿ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಲು ಹೊರಡುತ್ತಾರೆ. ಇದರಲ್ಲಿ ಚರಿತ್ರೆಯೇನು ಬಂತು ಎಂದು ನೀವು ಕೇಳಬಹುದು. ಇಂಗ್ಲೆಂಡಿನಲ್ಲಿ ಹೀಗೆ ಹೊರಟವರ ಪೈಕಿ ಐವರು ಸೆರೆಮನೆ ಸೇರಿದರು. ಇದು 1932ರ ಮಾತು.

ಮ್ಯಾಂಚೆಸ್ಟರಿನಲ್ಲಿ ಹತ್ತಿಯ ಗಿರಣಿ, ಷೆಫೀಲ್ಡಿನಲ್ಲಿ ಉಕ್ಕಿನ ಕುಲುಮೆ. ಎರಡೂ ಹೊಗೆಯ ಊರುಗಳೇ. ನಡುವೆ ಇರುವುದು ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಸೀಮೆ. 1850ರ ಕಾರ್ಖಾನೆ ಕಾಯಿದೆಯಿಂದ ಬಟ್ಟೆಗಿರಣಿಯ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ಬಿಡುವು ದೊರೆತಿತ್ತು. ಕ್ರಮೇಣ ಅದು ಉಳಿದವರಿಗೂ ಹಬ್ಬಿತು. ಬಿಡುವೇನೋ ಬಂತು, ಹೋಗುವುದೆಲ್ಲಿಗೆ? ನಮ್ಮ ಗೋಮಾಳದಂತೆ ಊರವರ ದನಕುರಿ ಮೇಯುತ್ತಿದ್ದ ಭೂಮಿ ಅಷ್ಟರಲ್ಲಿ ಜಮೀನುದಾರರ ಬೇಲಿಯೊಳಗೆ ಸೇರಿಹೋಗಿತ್ತು. ಆ ಸೀಮೆಯಲ್ಲೆಲ್ಲ ಎತ್ತರವಾದದ್ದು 2,087 ಅಡಿಯ ಕಿಂಡರ್ ಸ್ಕೌಟ್. ಅದನ್ನು ಗ್ರೌಸ್ ಎಂಬ ಕೋಳಿಜಾತಿಯ ಹಕ್ಕಿಯ ಬೇಟೆಗೆ ಮೀಸಲಿಟ್ಟಿದ್ದರು. ವರ್ಷದಲ್ಲಿ ಕೆಲವೇ ದಿನದ ಬೇಟೆ, ವರ್ಷವೆಲ್ಲ ಕಾವಲು!

ಬೇಲಿಯ ಬಳಿ ಹಲಗೆ ತೂಗುತ್ತಿತ್ತು: ಅತಿಕ್ರಮಿಸಿದವರ ಮೇಲೆ ಮೊಕದ್ದಮೆ ಹೂಡಲಾಗುವುದು. ತಮಾಷೆಯೆಂದರೆ, ಪರರ ನೆಲದ ಮೇಲೆ ಸುಮ್ಮನೆ ನಡೆದುಹೋಗುವುದು ಅಲ್ಲಿನ ಕಾನೂನಿನಂತೆ ಅಪರಾಧವೇ ಆಗಿರಲಿಲ್ಲ. ಅದೊಂದು ಸಿವಿಲ್ ವ್ಯಾಜ್ಯ, ಅಷ್ಟೆ. ಹಲಗೆ ಹೇಳುತ್ತಿದ್ದುದು ಸುಳ್ಳು.

1932ರ ಏಪ್ರಿಲ್ 24, ಭಾನುವಾರ. ಹೇಫೀಲ್ಡ್ ಹಳ್ಳಿಯ ಹತ್ತಿರದ ಕಲ್ಲುಗಣಿಯಲ್ಲಿ ಸುಮಾರು 400 ಜನ ಕೂಡಿದರು. ಬೆನ್ನಿ ರಾತ್‌ಮನ್ ಎಂಬ 20 ವರ್ಷದ ತರುಣ, ಕೆಲಸ ಕಳೆದುಕೊಂಡಿದ್ದ ಮೆಕ್ಯಾನಿಕ್, ಬಂಡೆಯೇರಿ ಮಾತನಾಡಿದ. ಆಮೇಲೆ ಎಲ್ಲರೂ ಹಾಡುತ್ತ ಬೆಟ್ಟದ ಕಡೆ ನಡೆದರು. ದಾರಿಯಲ್ಲಿ ಬೇಟೆಗಾವಲಿನವರು ದೊಣ್ಣೆ ಹಿಡಿದು ಅಡ್ಡಗಟ್ಟಿದರು, ನೂಕುನುಗ್ಗಲಾಯಿತು, ಕಾವಲಿನವನೊಬ್ಬನಿಗೆ ಪೆಟ್ಟಾಯಿತು. ಮೇಲೆ ಷೆಫೀಲ್ಡಿನಿಂದ ಬಂದ ತಂಡವೂ ಕೂಡಿಕೊಂಡಿತು. ಇಳಿದು ಬಂದಾಗ ಕೆಳಗೆ ಪೊಲೀಸರು ಕಾದಿದ್ದರು.

ಡರ್ಬಿಯಲ್ಲಿ ವಿಚಾರಣೆ ನಡೆಯಿತು. ಆರೋಪಪತ್ರದಲ್ಲಿ ಅತಿಕ್ರಮಣದ ಮಾತೇ ಇರಲಿಲ್ಲ ಎಂಬುದನ್ನು ಗಮನಿಸಿ. ಇದ್ದದ್ದು ದೊಂಬಿ, ಹಲ್ಲೆ. ಐವರಿಗೆ 2ರಿಂದ 6 ತಿಂಗಳ ಸಜೆ. ರಾತ್‌ಮನ್‌ಗೆ 4 ತಿಂಗಳು. ಹಳೆಯ ನಡಿಗೆ ಸಂಘಗಳ ಮುಖಂಡರಿಗೂ ಈ ಹುಡುಗರ ದಾರಿ ಹಿಡಿಸಿರಲಿಲ್ಲ. ಮನವಿ ಬರೆದು ಸೌಮ್ಯವಾಗಿ ಕೇಳಿದರೆ ಸಿಕ್ಕೀತು ಎಂಬುದು ಅವರ ಎಣಿಕೆ. ಆದರೆ ದಶಕಗಳಿಂದ ಕೇಳುತ್ತಲೇ ಇದ್ದರಲ್ಲ! ತೀರ್ಪು ಹೊರಬಿದ್ದ ಮೇಲೆ ಜನರ ಕನಿಕರವಂತೂ ತರುಣರ ಕಡೆಗೇ ವಾಲಿತು.

ಮುಂದಿನದು ನಿಧಾನದ ಕಥೆ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟೇ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ತೆರೆದ ಗುಡ್ಡಬಯಲುಗಳಲ್ಲಿ ಓಡಾಡುವ ಹಕ್ಕನ್ನು ಕಾನೂನು ಒಪ್ಪಿದ್ದು ಮಾತ್ರ 2000ದಲ್ಲಿ. 2002ರಲ್ಲಿ, ಆ ಘಟನೆಗೆ 70 ವರ್ಷ ತುಂಬಿದಾಗ, ಡೆವನ್‌ಷೈರಿನ ಡ್ಯೂಕರು ಅಲ್ಲಿಗೆ ಬಂದು, ಅಂದು ಬೆಟ್ಟದ ಒಡೆಯರಾಗಿದ್ದ ತಮ್ಮ ಅಜ್ಜನ ನಡತೆಗಾಗಿ ಜನರ ಎದುರು ಕ್ಷಮೆ ಕೇಳಿದರು. ರಾತ್‌ಮನ್ ಅದನ್ನು ಕೇಳಲಿಲ್ಲ. ಆ ವರ್ಷದ ಜನವರಿಯಲ್ಲೇ ಅವರು ತೀರಿಕೊಂಡಿದ್ದರು.