ಮೇಣಿಯ ಮಾತು

ಶೀಳನೆರೆಯ ನಮ್ಮ ಹೊಲದಲ್ಲಿ ಉಳುವಾಗ ತಾತ ನೆಲ ನೋಡುತ್ತಿರಲಿಲ್ಲ, ಎತ್ತುಗಳನ್ನು ನೋಡುತ್ತಿದ್ದರು. ಗುಳ ಕಲ್ಲಿಗೆ ತಾಗಿದ್ದು ಮೇಣಿ ಹಿಡಿದ ಕೈಗೆ ತಾನಾಗಿ ತಿಳಿಯುತ್ತಿತ್ತು. ವಿಮಾನದ ಕಾಕ್‌ಪಿಟ್ಟಿನ ಚರಿತ್ರೆ ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಮೇಣಿಯೇ.

1990ರ ಫೆಬ್ರವರಿ 14ರ ಮಧ್ಯಾಹ್ನ, ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ320 ಬೆಂಗಳೂರಿನ ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ಮೋಡ, ಮಳೆ ಯಾವ ನೆಪವೂ ಇರಲಿಲ್ಲ. ವಿಮಾನ ಕೆಲಸಕ್ಕೆ ಇಳಿದು ಎರಡು ತಿಂಗಳೂ ತುಂಬಿರಲಿಲ್ಲ.

ಎ320 ಆಗಿನ ಕಾಲಕ್ಕೆ ತೀರಾ ಹೊಸ ಬಗೆ. ಮುಳ್ಳಿನ ಮೀಟರುಗಳ ಜಾಗದಲ್ಲಿ ಪರದೆಗಳು. ಕೇಬಲ್ಲುಗಳ ಬದಲು ಕಂಪ್ಯೂಟರಿನ ಮೂಲಕ ಹೋಗುವ ವಿದ್ಯುತ್ ಸಂಕೇತ, ಅಂದರೆ ಫ್ಲೈ-ಬೈ-ವೈರ್. ಎದುರಿನ ದೊಡ್ಡ ಹಿಡಿಯ ಬದಲು ಪಕ್ಕದಲ್ಲೊಂದು ಪುಟ್ಟ ಸೈಡ್‌ಸ್ಟಿಕ್. ಒಬ್ಬ ಪೈಲಟ್ ತನ್ನ ಸ್ಟಿಕ್ ಎಳೆದರೆ ಇನ್ನೊಬ್ಬನದು ಅಲುಗುವುದಿಲ್ಲ. ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ಏರಿಸಲಿ, ಇಳಿಸಲಿ, ಅದರ ಲಿವರುಗಳು ಇದ್ದಲ್ಲೇ ಇರುತ್ತವೆ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ತನಿಖೆ ನಡೆಸಿದರು. ನಿಮಿಷಕ್ಕೆ 700 ಅಡಿಯಂತೆ ಇಳಿ ಎಂದು ಹೇಳಲು ಹೋಗಿ, ಪೈಲಟ್ ಪಕ್ಕದ ಗುಂಡಿ ತಿರುಗಿಸಿ 700 ಅಡಿ ಎತ್ತರಕ್ಕೆ ಇಳಿ ಎಂದುಬಿಟ್ಟಿರುವುದು ಹೆಚ್ಚು ಸಂಭವ. (ಬೆಂಗಳೂರಿರುವುದೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲೆ, 700 ಅಡಿಯೆಂದರೆ ನೆಲದೊಳಗೆ!) ಆಜ್ಞೆಯಂತೆ ಕಂಪ್ಯೂಟರ್ ಎಂಜಿನ್ನುಗಳನ್ನು ತೀರಾ ಕಡಿಮೆ ಶಕ್ತಿಗೆ ಇಳಿಸಿತು. ವೇಗ ಕುಗ್ಗಿತು. ಶಕ್ತಿ ಏರಿಸಲು ಹೊರಟಾಗ ಹೊತ್ತು ಮೀರಿತ್ತು, ಜೆಟ್ ಎಂಜಿನ್ ಚೇತರಿಸಿಕೊಳ್ಳಲು ಕೆಲವು ಸೆಕೆಂಡು ಬೇಕು.

ವರದಿ ಪೈಲಟ್‌ಗಳ ಲೋಪವನ್ನೇ ಎತ್ತಿ ಹೇಳಿತು. ವೇಗ ಬೀಳುತ್ತಿದ್ದುದನ್ನು ಅವರು ಗಮನಿಸಬೇಕಿತ್ತು, ನಿಜ. ಪರದೆಯಲ್ಲಿ ಅದು ಕಾಣುತ್ತಲೇ ಇತ್ತು. ಆದರೂ ಎಲ್ಲವನ್ನೂ ಕಣ್ಣಿಗೇ ಒಪ್ಪಿಸಿ ಕೈಯನ್ನು ಕಿವುಡು ಮಾಡಿದ ವಿನ್ಯಾಸಕ್ಕೂ ಇದರಲ್ಲಿ ಪಾಲಿದೆ ಎಂದು ನನಗನ್ನಿಸುತ್ತದೆ. ಲಿವರ್ ಸರಿದಿದ್ದರೆ ಅವರು ಉಳಿಯುತ್ತಿದ್ದರೆಂದು ಮಾತ್ರ ಹೇಳಲಾರೆ.

ಮುಂದೆ ಈ ತಂತ್ರಜ್ಞಾನ ಸಿರಿವಂತರ ಬಿಸಿನೆಸ್ ಜೆಟ್ಟುಗಳಿಗೂ ಬಂತು. 2007ರಲ್ಲಿ ಮಾನ್ಯತೆ ಪಡೆದ ದಸಾಲ್ಟ್ ಫಾಲ್ಕನ್ 7ಎಕ್ಸ್, ಫ್ಲೈ-ಬೈ-ವೈರ್ ಇರುವ ಮೊದಲ ಬಿಸಿನೆಸ್ ಜೆಟ್. 2018ರಲ್ಲಿ ಮಾನ್ಯತೆ ಸಿಕ್ಕ ಗಲ್ಫ್‌ಸ್ಟ್ರೀಮ್ ಜಿ500ರ ಕಾಕ್‌ಪಿಟ್ಟಿನ ತುಂಬ ಟಚ್‌ಸ್ಕ್ರೀನುಗಳು. ಆದರೆ ನನಗೆ ಮುಖ್ಯವೆನಿಸಿದ್ದು ಅದರ ಸೈಡ್‌ಸ್ಟಿಕ್. ಎಡಗಡೆಯವರು ಎಳೆದರೆ ಬಲಗಡೆಯದೂ ಅಷ್ಟೇ ಬಾಗುತ್ತದೆ, ಕಂಪ್ಯೂಟರ್ ವಿಮಾನ ನಡೆಸುವಾಗ ತಾನೂ ಅಲುಗುತ್ತದೆ. ಎಂಜಿನ್ ಲಿವರುಗಳೂ ಸರಿಯುತ್ತವೆ. ಮೇಣಿಗೆ ಇದ್ದ ಗುಣವನ್ನು ಮೋಟಾರು ಕೂರಿಸಿ ಮರಳಿ ತಂದಿದ್ದಾರೆ.

2008ರ ಮೇ ತಿಂಗಳಲ್ಲಿ ನಿಗದಿತ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ಈಗಲೂ ಬಿಸಿನೆಸ್ ಜೆಟ್ಟುಗಳು ಬರುತ್ತವೆ. ಪಶ್ಚಿಮದ ಕಡೆಯಿಂದ ಇಳಿಯುವಾಗ ಅವು ಅದೇ ಗಾಲ್ಫ್ ಮೈದಾನದ ಬಳಿ ಹಾದು ರನ್‌ವೇ ಸೇರುತ್ತವೆ.